ಬಿಳಿ ಗೆರೆ, ಹಳದಿ ಗೆರೆ

ಅಬುರಾತ್ಸು
೮ ಮಾರ್ಚ್ ೧೯೯೮

ಅಪ್ಪ,

ಫೋನಿನಲ್ಲಿ ಹೇಳಿದರೆ ನಿಮಗೆ ಕೇಳಿಸುವುದಿಲ್ಲ. ಅಮ್ಮನ ಬಾಯಲ್ಲಿ ಹೇಳಿಸಿದರೆ ಸುದ್ದಿಗಿಂತ ಬೈಗುಳವೇ ಜಾಸ್ತಿ ತಲುಪುತ್ತದೆ. ಅದಕ್ಕೇ ಈ ಕಾಗದ. ಕೈಯ ಗ್ರೀಸ್ ಒರೆಸಿಕೊಂಡು ಓದಿ.

ನನಗೂ ಅಂಟಿತು. ಅದೇ, ಅಮ್ಮ ಹೇಳುವ ತುಕ್ಕಿನ ಕಾಯಿಲೆ.

ಕತ್ಸುವೊ ಮೀನಿನ ಬೆನ್ನು ಹತ್ತಿ ನಿಮ್ಮ ಅಳಿಯ ಫೆಬ್ರವರಿಯಲ್ಲೇ ದೋಣಿ ಏರಿದರು, ಇನ್ನು ಬರುವುದು ನವೆಂಬರಿಗೆ. ಬಂದರು ಕಚೇರಿಯ ಕೆಲಸ ಸಂಜೆಗೆ ಮುಗಿಯುತ್ತದೆ. ಆಮೇಲೆ ಮನೆಯಲ್ಲಿ ನಾನು ಮತ್ತು ಟೀವಿ. ಹೋದ ಭಾನುವಾರ ಬಲೆ ಇಡುವ ಹಳೇ ಶೆಡ್ಡೊಂದನ್ನು ಕೆಡವುತ್ತಿದ್ದರು. ಬಲೆಯ ರಾಶಿಯ ಕೆಳಗಿಂದ ಒಂದು ಬೈಕಿನ ಹ್ಯಾಂಡಲ್ ಇಣುಕುತ್ತಿತ್ತು. ಎಳೆದು ನೋಡಿದರೆ ಅರುವತ್ತಾರನೇ ಇಸವಿಯ ಇನ್ನೂರೈವತ್ತು ಸಿಸಿ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ನಮ್ಮ ಹಮಾಮಾತ್ಸುವಿನ ಕಾರ್ಖಾನೆಯಲ್ಲೇ ಹುಟ್ಟಿದ ಕೂಸು! ಸೈಲೆನ್ಸರಿನೊಳಗೆ ಕಣಜ ಗೂಡು ಕಟ್ಟಿತ್ತು. ಶೆಡ್ಡಿನ ಅಜ್ಜಿ, "ಎತ್ಕೊಂಡ್ ಹೋಗಮ್ಮ, ನಮ್ಮ ಯಜಮಾನ್ರು ಹೋದ್ಮೇಲೆ ಅದರ ಮೇಲೆ ಕೋಳಿ ಬಿಟ್ರೆ ಯಾರೂ ಕೂತಿಲ್ಲ" ಅಂದರು. ಒಂದು ಬಾಟಲಿ ಗೆಣಸಿನ ಸಾರಾಯಿ ಕೊಟ್ಟೆ, ಖುಷಿಯಾದರು.

ನೂಕಿಕೊಂಡು ಬರುವಾಗ ದಾರಿಯಲ್ಲಿ ಒಬ್ಬ ಹಿರಿಯರು ಅಡ್ಡ ನಿಂತರು. ಇವಾಕಿರಿ ಅಂತ ಹೆಸರು. ಜೀವಮಾನವಿಡೀ ದೋಣಿಗಳ ಎಂಜಿನ್ ರಿಪೇರಿ ಮಾಡಿದವರು, ಈಗ ಹಳೇ ಬೈಕುಗಳ ಹುಚ್ಚು. ಬೆರಳ ಗೆಣ್ಣಿನಿಂದ ಸಿಲಿಂಡರ್ ತಟ್ಟಿ ಕಿವಿಯಿಟ್ಟು ಕೇಳಿ, "ಎಡಗಡೇದು ಕಚ್ಚಿಕೊಂಡಿದೆ, ಬಲಗಡೇದು ಬರೀ ಮುನಿಸ್ಕೊಂಡಿದೆ" ಅಂದರು! ಅವರ ಶೆಡ್ಡಿನಲ್ಲೇ ಗಾಡಿ ಇಟ್ಟುಕೊಂಡಿದ್ದೇನೆ.

ಮೊದಲು ಏನು ಬಿಚ್ಚಲಿ, ಹೇಳಿ. ಬಿಳಿ ಬಣ್ಣದ ಶೀಶೆ ಆಗಲೇ ತಂದಿದ್ದೇನೆ. ಬಿಗಿದ ಬೋಲ್ಟಿನ ತಲೆಯಿಂದ ಎಂಜಿನ್ನಿನ ಮೈಮೇಲಕ್ಕೆ ನೀವು ಎಳೆಯುತ್ತಿದ್ದ ಆ ಬಿಳಿ ಗೆರೆ ಚಿಕ್ಕಂದಿನಿಂದ ನನ್ನ ಕಣ್ಣಲ್ಲೇ ಇದೆ. ಬೋಲ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಚಾಡಿ ಹೇಳುತ್ತದೆ ಅನ್ನುತ್ತಿದ್ದಿರಿ. ನನ್ನ ಗಾಡಿಗೂ ನಾನೇ ಎಳೆಯುತ್ತೇನೆ.

ನಿಮ್ಮ ಮಗಳು,
ತೊಮೊಯೊ

*

ಹಮಾಮಾತ್ಸು
೧೫ ಮಾರ್ಚ್

ತೊಮೊ,

ಕಾಗದವನ್ನು ಒಲೆಯ ಹತ್ತಿರ ಒಮ್ಮೆ, ಶೆಡ್ಡಿನಲ್ಲಿ ಒಮ್ಮೆ ಓದಿದೆ. ಅರುವತ್ತಾರನೇ ಇಸವಿಯದ್ದು! ನಾನು ಇಷ್ಟು ವರ್ಷ ಹುಡುಕಿದರೂ ಆ ಮಾದರಿ ಪೂರ್ತಿ ಸಿಕ್ಕಿದ್ದಿಲ್ಲ. ಸಾರಾಯಿ ಬಾಟಲಿಗೆ ಹೊಡೆದುಕೊಂಡು ಬಂದೆಯಲ್ಲ, ನನ್ನ ಮಗಳೇ ಸರಿ.

ಈಗ ಕೇಳು. ಕಿಕ್ ಹೊಡೆಯಬೇಡ. ಪ್ಲಗ್ ಬಿಚ್ಚಿ, ತೂತಿನಲ್ಲಿ ಡೀಸೆಲ್ ಸುರಿದು ಮರೆತುಬಿಡು. ಅದು ತಾನಾಗಿ ಬಿಡುವವರೆಗೂ ಕಾಯಬೇಕು. ಸುತ್ತಿಗೆ ಮುಟ್ಟಿದೆಯೋ ನೀನು ನನ್ನ ಮಗಳಲ್ಲ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿಯಬೇಡ. ಗ್ಯಾಸ್ಕೆಟ್ಟು, ಪಿಸ್ಟನ್ ರಿಂಗು, ರಬ್ಬರು ಎಲ್ಲ ನನ್ನ ಹತ್ತಿರ ಇವೆ, ಪಾರ್ಸೆಲ್ ಮಾಡುತ್ತೇನೆ.

ಆ ಇವಾಕಿರಿ ಯಾರು? ದೋಣಿ ಎಂಜಿನ್ ಅಂದರೆ ಎಮ್ಮೆ, ಇದು ಜಿಂಕೆ. ಎಮ್ಮೆ ಕಾಯ್ದವನಿಗೆ ಜಿಂಕೆಯ ನಾಡಿ ಏನು ಗೊತ್ತು? ಶೆಡ್ಡು ಕೊಡುತ್ತಾನಾದರೆ ತೆಗೆದುಕೋ. ಸಲಹೆ ಕೊಟ್ಟರೆ ಹೂಂ ಅಂದು ನನಗೆ ಬರೆ.

ಅಪ್ಪ

(ತೊಮೊ, ಅಂಚೆಗೆ ಹಾಕು ಅಂತ ಕೊಟ್ಟಿದ್ರು. ಲಕೋಟೆ ಬಿಚ್ಚಿ ನಾನೂ ನಾಲ್ಕು ಗೆರೆ ಸೇರಿಸ್ತಿದೀನಿ. ನಿಮ್ಮಪ್ಪ ಕುಣಿಯೋದೊಂದು ಬಾಕಿ. ನಾನು ಊಟ ಇಟ್ಕೊಂಡು ಶೆಡ್ಡಿನ ಬಾಗಿಲ ಬೆಂಚ್ ಮೇಲೆ ಎಂದಿನ ಹಾಗೆ ಕಾಯ್ತಾ ಕೂತಿದ್ರೆ, ನಿನಗೆ ಕಳಿಸೋ ಸಾಮಾನು ಹುಡುಕ್ತಾ ಹೊರಗೇ ಬರಲಿಲ್ಲ. ನನ್ನ ಸವತಿ ಈ ತುಕ್ಕು. ಅದು ನಿನ್ನ ಮನೆಗೂ ಬಂತಲ್ಲ ತಾಯಿ. ಅಳಿಯಂದ್ರಿಗೆ ಮಲಗಕ್ಕಾದ್ರೂ ಜಾಗ ಉಳಿಸು. — ಅಮ್ಮ)

*

ಅಬುರಾತ್ಸು
೧೦ ಮೇ

ಅಪ್ಪ,

ಪಾರ್ಸೆಲ್ ಬಂತು. ಕಿತ್ತಳೆ ಹಣ್ಣಿನ ಮಧ್ಯೆ ಪಿಸ್ಟನ್ ರಿಂಗ್ ಇಟ್ಟು ಕಳಿಸುವವರು ನೀವೊಬ್ಬರೇ.

ಎಡಗಡೆಯ ಪಿಸ್ಟನ್ ಬಿಟ್ಟಿತು! ಡೀಸೆಲ್ ಸುರಿದು ಕಾದೆ, ಕಾದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಇವಾಕಿರಿಯವರು ಸಿಲಿಂಡರಿಗೆ ಬಟ್ಟೆ ಸುತ್ತಿ ಕುದಿಯುವ ನೀರು ಹುಯ್ದು, ಮರದ ತುಂಡಿಟ್ಟು ಸಣ್ಣಗೆ ತಟ್ಟಿದರು. ತಟ್ಟುವುದು, ಕಿವಿ ಇಡುವುದು, ಮತ್ತೆ ತಟ್ಟುವುದು. "ಬಂತು ನೋಡು" ಅಂದರು, ಬಂದೇ ಬಿಟ್ಟಿತು. ಅವರ ಕಿವಿ ಕಿವಿಯಲ್ಲ ಅಪ್ಪ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಯಾವ ಬೇರಿಂಗ್ ಸವೆದಿದೆ ಅಂತ ಹೇಳುತ್ತಾರೆ. ಇವಾಕಿರಿಯವರು ಅನ್ನುತ್ತಾರೆ, ಕಾರ್ಬ್ಯುರೇಟರನ್ನೂ ಕಿವಿಯಲ್ಲೇ ಹೊಂದಿಸಬೇಕಂತೆ.

ಬೈಯಬೇಡಿ, ಎರಡನೇ ಗಾಡಿಯನ್ನೂ ತಂದೆ. ಬರೀ ಬಿಡಿಭಾಗಕ್ಕೆ. ನೀವೂ ಹೀಗೇ ಹೇಳಿ ಹನ್ನೊಂದು ತಂದಿರಿ ಅಂತ ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ಒಬ್ಬಳೇ ನಕ್ಕೆ. ಕಚೇರಿಯಲ್ಲಿ ಕೂತರೂ ಕೈ ಸ್ಪ್ಯಾನರ್ ಕೇಳುತ್ತದೆ. ಅನ್ನಕ್ಕಿಟ್ಟು ಮರೆತು ಪಾತ್ರೆ ಸೀದಿದೆ.

ಒಂದು ವಿಷಯ. ಎಂಜಿನ್ನಿನ ಕೆಳಭಾಗ ಮುಚ್ಚಿ ಬಿಗಿದೆವು. ಗೆರೆ ನಾನೇ ಎಳೆದೆ, ಹಳದಿಯಲ್ಲಿ. ಇವಾಕಿರಿಯವರ ಶೆಡ್ಡಿನಲ್ಲಿ ಹಳದಿಯೇ ನಿಯಮ. ಅಂದವಾಗಿ ಬಂದಿದೆ, ಫೋಟೋ ಇಟ್ಟಿದ್ದೇನೆ.

ತೊಮೊಯೊ

*

ಹಮಾಮಾತ್ಸು
೧೬ ಮೇ

ತೊಮೊಯೊ,

ಫೋಟೋ ನೋಡಿದೆ.

ನಮ್ಮ ಕಸುಬಿನಲ್ಲಿ ಬಣ್ಣ ಅಂದರೆ ಏನು ಅಂತ ನಿನಗೆ ಗೊತ್ತಿಲ್ಲವೋ, ಗೊತ್ತಿದ್ದೂ ಮರೆತೆಯೋ? ಯಾರ ಕೈಕೆಳಗೆ ಕಲಿತೆಯೋ ಅವರ ಬಣ್ಣ. ಗುರು "ಇನ್ನು ನಿನ್ನ ಬಣ್ಣ ನೀನು ಆರಿಸಿಕೋ" ಅನ್ನುವವರೆಗೂ ಅದೇ ಬಣ್ಣ. ನನ್ನ ಗುರುಗಳದು ಕೆಂಪು. ಅವರು ಬಾಯಿ ಬಿಟ್ಟು ಹೇಳುವವರೆಗೆ ನಾನು ಕೆಂಪನ್ನೇ ಎಳೆದೆ, ಹೇಳಿದ ಮೇಲೆ ಬಿಳಿ ತೆಗೆದುಕೊಂಡೆ. ನಾನು ನಿನಗೆ ಯಾವತ್ತು ಹೇಳಿದೆ? ಟಾರ್ಚ್ ಹಿಡಿಯಲು ಎರಡೂ ಕೈ ಬೇಕಾಗುತ್ತಿದ್ದ ಕಾಲದಿಂದ ನನ್ನ ಪಕ್ಕ ನಿಂತು ಕಲಿತವಳು, ಎರಡೇ ತಿಂಗಳಿಗೆ ದೋಣಿ ರಿಪೇರಿಯವನ ಹಳದಿ ಹಚ್ಚಿಕೊಂಡು, ಮೇಲೆ ಅಂದವಾಗಿದೆ ಅಂತ ಬೇರೆ ಬರೆಯುತ್ತೀ!

ಅವನ ಕಿವಿ ಬಹಳ ಚೆನ್ನಾಗಿದೆಯಲ್ಲ, ಸಂತೋಷ. ನನ್ನ ಕಿವಿ ಈ ಗಾಡಿಗಳಿಗೇ ಹೋಯಿತು. ದೋಣಿಯ ಎಂಜಿನ್ನಿನಲ್ಲಿ ಕೆಲಸ ಮಾಡಿಯೂ ಅವನದು ಹೇಗೆ ಉಳಿಯಿತೋ! ದೇವರಿಗೂ ಕಣ್ಣಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಇನ್ನೇನೂ ಕೇಳಬೇಡ. ಅಲ್ಲಿಯೇ ಕೇಳಿಕೋ.

ಮುರಮಾತ್ಸು ತೊಕುಜಿ

(ಮಗಳಿಗೆ ಬರೆಯೋ ಕಾಗದಕ್ಕೆ ಮನೆತನದ ಹೆಸರು ಸಮೇತ ರುಜು! ನೋಡಿದ್ಯಾ ಇವರ ಬಿಗುಮಾನ? ಒಲೆ ಹಚ್ಚದಿದ್ರೂ ಮನೇಲಿ ಹೊಗೆ. ನೀನು ತಲೆ ಕೆಡಿಸ್ಕೋಬೇಡ, ಆದ್ರೆ ಆ ಹಳದಿ ಒರೆಸಿಬಿಡು. — ಅಮ್ಮ)

*

ಅಬುರಾತ್ಸು
೨ ಜೂನ್

ಅಪ್ಪ,

ಒರೆಸುವುದಿಲ್ಲ. ಇನ್ನೊಬ್ಬರ ಶೆಡ್ಡು, ಇನ್ನೊಬ್ಬರ ಸ್ಪ್ಯಾನರು, ಪಕ್ಕದಲ್ಲಿ ನಿಂತು ದೀಪ ಹಿಡಿದವರೂ ಅವರೇ. ಅವರ ಮನೆಯ ಹೊಸಿಲಲ್ಲಿ ಚಪ್ಪಲಿ ಬಿಡುವ ಹಾಗೆ ಅವರ ಬಣ್ಣ ಎಳೆದೆ, ಅಷ್ಟೇ. ನೀವೇ ಕಲಿಸಿದ ಮರ್ಯಾದೆ ಅದು.

ನಿಮಗೆ ಹೊಟ್ಟೆಕಿಚ್ಚು ಅಪ್ಪ. ನನಗೆ ಅದು ನಗು ಬರಿಸಿತು, ಆಮೇಲೆ ಅಳುವನ್ನೂ ಬರಿಸಿತು. ಮದುವೆಯಾಗಿ ಇಷ್ಟು ದೂರ ಬಂದಾಗಲೂ ನೀವು ಹೀಗೆ ಸಿಟ್ಟಾಗಿರಲಿಲ್ಲ. "ಹೋಗಿ ಬಾ" ಅಂದು ಕಾರ್ಬ್ಯುರೇಟರ್ ತೊಳೆಯುತ್ತ ಕೂತಿರಿ. ಅವತ್ತು ಆಗದ ಸಿಟ್ಟು ಒಂದು ಹಳದಿ ಗೆರೆಗೆ ಬಂತೆ?

ಬರೆಯಿರಿ. ಬೈದಾದರೂ ಬರೆಯಿರಿ.

ತೊಮೊ

*

ಹಮಾಮಾತ್ಸು
೨೦ ಜುಲೈ

ತೊಮೊ,

ಇದು ನಾನು, ಅಮ್ಮ. ನಿಮ್ಮಪ್ಪ ಬರೆಯಲ್ಲ ಅಂತ ಹಟ ಹಿಡಿದಿದಾರೆ. ನಿನ್ನ ಕಾಗದ ಮಾತ್ರ ಅಂಗಿ ಜೇಬಲ್ಲೇ ಇರತ್ತೆ. ಒಗೆಯೋವಾಗ ತೆಗೆದು ನೋಡಿದೆ, ಮೇ ತಿಂಗಳ ಕಾಗದದಲ್ಲಿ "ಇವಾಕಿರಿ" ಅಂತ ಬಂದ ಕಡೆಯೆಲ್ಲ ಪೆನ್ಸಿಲಲ್ಲಿ ಗೆರೆ ಹೊಡ್ಕೊಂಡಿದಾರೆ! ನಗಬೇಕೋ ಅಳಬೇಕೋ.

ಹಳೇ ಗೆಳೆಯರು ಬಂದು "ಮಗಳ ಗಾಡಿ ಎಲ್ಲಿಗೆ ಬಂತಪ್ಪಾ?" ಅಂದ್ರೆ, "ಅವಳಿಗೆ ದೊಡ್ಡ ಗುರುಗಳು ಸಿಕ್ಕಿದಾರೆ, ನಮ್ಮಂಥೋರು ಯಾಕೆ" ಅಂತಾರೆ. ಅವರಿಗಿಷ್ಟದ ಗ್ಯೋಜಾ ಕಡುಬು ಮುಂದೆ ಇಟ್ರೆ ಎರಡು ತಿಂದು ತಟ್ಟೆ ಸರಿಸ್ತಾರೆ. ಹೋದ ವಾರ ಕಿವಿ ಡಾಕ್ಟರ ಹತ್ರ ತಾವಾಗೇ ಹೋಗಿ ಬಂದ್ರು. ನಾನು ಇಷ್ಟು ವರ್ಷ ಗೋಗರೆದ್ರೂ ಹೋಗದವರು! ಮೆಷಿನ್ ಹಾಕಿದ್ರೆ ನನ್ನ ಮಾತು ಕೇಳಿಸ್ಬಹುದಂತೆ, ಎಂಜಿನ್ನಿನ ಸಣ್ಣ ಸದ್ದು ಹಿಂದಕ್ಕೆ ಬರಲ್ಲವಂತೆ. "ಹಾಗಾದ್ರೆ ಬೇಡ" ಅಂದು ಎದ್ದು ಬಂದ್ರು. ನನ್ನ ಮಾತು ಕೇಳೋ ಭಾಗ್ಯ ಬೇಡವಂತೆ, ನೋಡು.

ನೀನು ಬರೀತಾ ಇರು.

ಅಮ್ಮ

*

ಅಬುರಾತ್ಸು
೧೨ ಸೆಪ್ಟೆಂಬರ್

ಅಪ್ಪ,

ಗಾಡಿ ತನ್ನ ಚಕ್ರದ ಮೇಲೆ ಎದ್ದು ನಿಂತಿದೆ. ಟ್ಯಾಂಕಿಗೆ ಅದರ ಹುಟ್ಟು ಬಣ್ಣವೇ, ಕೆಂಪು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ನಾನೇ ಕೂರಿಸಿದೆ. ನಾಳೆ ಬಿಟ್ಟು ಮುಂದಿನ ಭಾನುವಾರ, ಇಪ್ಪತ್ತಕ್ಕೆ, ಮೊದಲ ಕಿಕ್. ಓಡಿದರೆ ಬಂದರಿನ ಕಟ್ಟೆಯ ಮೇಲೆ ದೀಪಸ್ತಂಭದವರೆಗೆ ಹೋಗಿ ಬರುತ್ತೇನೆ. ನೀವು ಬನ್ನಿ. ರೈಲಿನ ಟಿಕೆಟ್ ನಾನು ತೆಗೆಯುತ್ತೇನೆ. ಬೇರೆ ಯಾರು ಇದ್ದರೂ ನೀವಿಲ್ಲದೆ ಅದು ಮೊದಲ ಕಿಕ್ ಆಗುವುದಿಲ್ಲ.

ಬಾರದೆ ಇದ್ದರೆ ಒಂದು ಮಾತಿಗಾದರೂ ಉತ್ತರ ಕೊಡಿ. ಈ ಮಾದರಿಯಲ್ಲಿ ಎಣ್ಣೆಗೆ ಬೇರೆ ಟ್ಯಾಂಕು, ಪುಟ್ಟ ಪಂಪು ತಾನೇ ಎಂಜಿನ್ನಿಗೆ ಎಣ್ಣೆ ಕುಡಿಸುತ್ತದೆ. ಪಂಪನ್ನು ಇವಾಕಿರಿಯವರು ಬಿಚ್ಚಿ ಹೊಸದರಂತೆ ಮಾಡಿದ್ದಾರೆ. "ಪೆಟ್ರೋಲಿಗೆ ಮತ್ತೆ ಎಣ್ಣೆ ಬೆರೆಸೋದು ಬೇಡ, ಬರೀ ಹೊಗೆ" ಅನ್ನುತ್ತಾರೆ. ನೀವು ಮೊದಲ ಟ್ಯಾಂಕಿಗೆ ಬೆರೆಸುತ್ತಿದ್ದ ನೆನಪು ನನಗೆ. ಬೆರೆಸಲೋ ಬೇಡವೋ?

ತೊಮೊ

*

ಹಮಾಮಾತ್ಸು
೧೫ ಸೆಪ್ಟೆಂಬರ್

ತೊಮೊಯೊ,

ಪಂಪು ಅವನು ಬಿಚ್ಚಿದ್ದು, ಶೆಡ್ಡು ಅವನದು, ಗೆರೆ ಅವನ ಬಣ್ಣದ್ದು. ನಡುವೆ ನನ್ನನ್ನು ಯಾಕೆ ಕೇಳುತ್ತೀ? ದೊಡ್ಡವರು ಹೇಳಿದ ಮೇಲೆ ಮುಗಿಯಿತಲ್ಲ. ನಿನ್ನಿಷ್ಟ.

ಭಾನುವಾರ ನನಗೆ ಬೇರೆ ಕೆಲಸವಿದೆ.

ಮುರಮಾತ್ಸು ತೊಕುಜಿ

*

ಅಬುರಾತ್ಸು
೨೧ ಸೆಪ್ಟೆಂಬರ್

ಮಾನ್ಯ ಮುರಮಾತ್ಸು ಅವರಿಗೆ,

ಬಿಸಿಲಿನ ಸೊಕ್ಕು ಮುರಿದು ಕಡಲ ಗಾಳಿ ತಣ್ಣಗಾಗಿದೆ. ನಿಮ್ಮ ಕಡೆಯೂ ಹಾಗೇ ಇರಬಹುದು, ನೀವು ದಂಪತಿಗಳು ಕ್ಷೇಮವೆಂದು ನಂಬಿದ್ದೇನೆ. ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಿಮ್ಮ ಮಗಳಿಗೆ ಶೆಡ್ಡು ಕೊಟ್ಟ ಇವಾಕಿರಿ ನಾನು. ಮೊದಲೇ ಹೇಳಿಬಿಡುತ್ತೇನೆ, ತೊಮೊಯೊ ಚೆನ್ನಾಗಿದ್ದಾಳೆ. ನಿನ್ನೆ ಆದದ್ದನ್ನು ನಿಮಗೆ ಹೇಳದಿದ್ದರೆ ನನಗೆ ನಿದ್ದೆ ಬಾರದು.

ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ನಾನು ಸ್ಕ್ರೂಡ್ರೈವರಿಗೆ ಕಿವಿಯಿಟ್ಟು ಎರಡೂ ಕಾರ್ಬ್ಯುರೇಟರ್ ಹೊಂದಿಸಿ, "ಸಾಕು, ಸಮ ಆಯ್ತು" ಅಂದೆ. ಅವಳು ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಳು. ಎರಡು ಸೈಲೆನ್ಸರಿನ ಬಾಯಿಗೂ ಎರಡು ಅಂಗೈ ಹಿಡಿದು ಕಣ್ಣು ಮುಚ್ಚಿ, "ಎಡಗಡೆ ಉಸಿರು ಬಡಕಲು" ಅಂದಳು. ನಾನು ನಕ್ಕೆ. ಅವಳು ಎದ್ದು ಎಡಗಡೆಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದಳು. ಎಂಜಿನ್ನಿನ ದನಿಯೇ ಬೇರೆಯಾಯಿತು. ಎಲ್ಲಿ ಕಲಿತೆ ಅಂದರೆ, "ನಮ್ಮಪ್ಪಂಗೆ ಕಿವಿ ಕೇಳಲ್ಲ, ಅವರು ಕೈಯಲ್ಲೇ ಕೇಳೋದು" ಅಂದಳು.

ಆಮೇಲೆ ದೀಪಸ್ತಂಭದವರೆಗೆ ಹೋಗಿ ಬಂದಳು. ಬಂದರಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಬಗ್ಗಿ ಪಂಪಿನ ಕೊಳವೆ ನೋಡಿದೆ. ಕೊಳವೆಯಲ್ಲಿ ಗಾಳಿ ತುಂಬಿಕೊಂಡಿತ್ತು. ಎಂಜಿನ್ನಿಗೆ ಒಂದು ಹನಿ ಎಣ್ಣೆಯೂ ಇಳಿದಿರಲಿಲ್ಲ. ಪಂಪು ಸರಿಮಾಡಿದೆ ಅನ್ನುವ ಗರ್ವದಲ್ಲಿ ಕೊಳವೆಯ ಗಾಳಿ ತೆಗೆಯುವುದನ್ನೇ ಮರೆತಿದ್ದೆ. ಒಣ ಎಂಜಿನ್ ಆ ದೂರಕ್ಕೆ ಕಚ್ಚಿಕೊಂಡು ಹಿಂದಿನ ಚಕ್ರ ಗಕ್ಕನೆ ನಿಂತಿರಬೇಕಿತ್ತು. ಕಟ್ಟೆಯ ಒಂದು ಪಕ್ಕ ಕಲ್ಲು, ಒಂದು ಪಕ್ಕ ಸಮುದ್ರ.

ಯಾಕೆ ಕಚ್ಚಲಿಲ್ಲ? ಅವಳು ತಲೆ ತಗ್ಗಿಸಿ ಹೇಳಿದಳು: "ಕ್ಷಮಿಸಿ, ನಿಮಗೆ ಹೇಳದೆ ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದೆ." ಅಪ್ಪ ಬರೆದಿದ್ದರಾ ಅಂತ ಕೇಳಿದೆ. "ಇಲ್ಲ. ಅಪ್ಪ 'ನಿನ್ನಿಷ್ಟ' ಅಂತ ಬರೆದ್ರು. ನಮ್ಮಪ್ಪ ನಿನ್ನಿಷ್ಟ ಅಂದ್ರೆ, ತಾವು ಮೊದಲಿಂದ ಕಲಿಸಿದ್ದನ್ನೇ ಮಾಡು ಅಂತ ಅರ್ಥ."

ಮುರಮಾತ್ಸು ಅವರೇ, ಅವಳು ಉಳಿದದ್ದಕ್ಕೆ ಸಂತೋಷಪಟ್ಟೆ. ಆದರೆ ಆ ಮಾತು ಕೇಳಿದಾಗ ನನ್ನೊಳಗೆ ಎದ್ದದ್ದು ಹೊಟ್ಟೆಕಿಚ್ಚು. ನನಗೆ ಮಕ್ಕಳಿಲ್ಲ. ನನ್ನ ಕೈಕೆಳಗೆ ಎಷ್ಟೋ ಹುಡುಗರು ಕಲಿತರು, ಒಬ್ಬನೂ ನನ್ನ ಮಾತಿಲ್ಲದ ಮಾತನ್ನು ಹೀಗೆ ಕೇಳಿಸಿಕೊಳ್ಳಲಿಲ್ಲ. ಇವಳು ಮಾರ್ಚಿನಿಂದ ನನ್ನ ಶೆಡ್ಡಿನಲ್ಲಿ ನಿಂತು ಒಂದೊಂದು ಬೋಲ್ಟಿಗೂ "ನಮ್ಮಪ್ಪ ಹೀಗೆ ಮಾಡಲ್ಲ" ಅಂದಿದ್ದಾಳೆ. ಕೇಳಿ ಕೇಳಿ ಉರಿದುಹೋಗಿದ್ದೇನೆ. ಹಳದಿಯೇ ನಿಯಮ ಅಂದದ್ದು ಅದೇ ಉರಿಯಿಂದ. ನನ್ನ ಶೆಡ್ಡಿನಲ್ಲಿ ಅಂಥ ನಿಯಮವೇನೂ ಇರಲಿಲ್ಲ. ಅವಳು ತಂದಿದ್ದ ಬಿಳಿ ಶೀಶೆಯನ್ನು ನಾನೇ ಎತ್ತಿ ಅಟ್ಟದ ಮೇಲೆ ಇಟ್ಟೆ.

ಒಮ್ಮೆ ಬನ್ನಿ. ನಿಮ್ಮ ಅಂಗೈ ನೋಡಬೇಕು.

ವಿನಯಪೂರ್ವಕ,
ಇವಾಕಿರಿ ಸದಹಾರು

*

ಹಮಾಮಾತ್ಸು
೨೫ ಸೆಪ್ಟೆಂಬರ್

ತೊಮೊ,

ಇವಾಕಿರಿಯವರ ಕಾಗದ ಬಂತು. ನಿನ್ನ ಅಮ್ಮನಿಗೂ ಓದಿ ಹೇಳಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ, ನನಗೆ ಆಗಬೇಕಾದ್ದೇ.

ಬೆರೆಸು ಅಂತ ಒಂದು ಮಾತು ಬರೆಯಲು ನನಗೆ ಎಷ್ಟು ಶಾಯಿ ಬೇಕಿತ್ತು? ಬರೆಯಲಿಲ್ಲ. ಅವನ ಪಂಪು ಕೈಕೊಡಲಿ, ನಿನ್ನ ಮುಂದೆ ಅವನ ಮುಖ ಸಣ್ಣದಾಗಲಿ, ನೀನು ಮತ್ತೆ ನನ್ನನ್ನು ಕೇಳಲಿ ಅಂತ ಆಸೆಪಟ್ಟೆ. ಪಂಪು ಕೈಕೊಟ್ಟರೆ ಅದರ ಮೇಲೆ ಕೂತಿರುವವಳು ನೀನು ಅನ್ನುವುದು ಕಾಗದವನ್ನು ಪೆಟ್ಟಿಗೆಗೆ ಹಾಕಿ ಮನೆಗೆ ನಡೆದು ಬರುವಾಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆವತ್ತೇ ಅಮ್ಮನಿಂದ ಫೋನ್ ಮಾಡಿಸಬಹುದಿತ್ತು. ಮಾಡಿಸಿದರೆ ನಾನು ಏನು ಬರೆದೆ ಅಂತ ಹೇಳಬೇಕಾಗುತ್ತಿತ್ತು. ನಾಚಿಕೆ ಬಿಟ್ಟು ಕೊನೆಗೆ ಭಾನುವಾರ ಬೆಳಿಗ್ಗೆ ಹೇಳಿದೆ. ಅವಳು ಡಯಲ್ ಮಾಡಿದಳು. "ಗಂಟೆ ಹೊಡೀತಾನೇ ಇದೆ, ಎತ್ತುತಿಲ್ಲ" ಅಂದಳು. ಆಮೇಲೆ ಸಂಜೆ ನೀನೇ ಫೋನ್ ಮಾಡುವವರೆಗೆ ನಾನು ಬದುಕಿದ್ದೆ ಅನ್ನುವುದೇ ಸುಳ್ಳು. ಅಮ್ಮ "ಗಾಡಿ ಚೆನ್ನಾಗಿ ಓಡ್ತಂತೆ" ಅಂತ ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆದು ತೋರಿಸಿದಳು.

ಹೌದು ಕಣಮ್ಮ, ಹೊಟ್ಟೆಕಿಚ್ಚು. ನೀನು ಮದುವೆಯಾಗಿ ಹೋದಾಗ ಬರಲಿಲ್ಲ, ಯಾಕೆಂದರೆ ಅಳಿಯನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ನನ್ನ ಜಾಗ ನನಗೇ ಇತ್ತು. ಈ ಮನುಷ್ಯ ನಾನು ನಿಲ್ಲುವ ಜಾಗದಲ್ಲೇ ಬಂದು ನಿಂತ. ಮೇಲೆ ಅವನಿಗೆ ಕಿವಿ ಬೇರೆ ಕೇಳಿಸುತ್ತದೆ. ನಿನ್ನ ಮೊದಲ ಕಿಕ್ಕಿನ ಸದ್ದು ಅವನಿಗೆ ದಕ್ಕುತ್ತದೆ, ನನಗಿಲ್ಲ ಅನ್ನುವುದನ್ನು ನುಂಗಲಾಗಲಿಲ್ಲ.

ಹದಿನೆಂಟನೇ ಅಕ್ಟೋಬರಿಗೆ ಬರುತ್ತೇನೆ. ಅಮ್ಮ ಬರುವುದಿಲ್ಲವಂತೆ, "ಅಲ್ಲೂ ಹೋಗಿ ಬೆಂಚ್ ಮೇಲೆ ಕೂರಲಾ?" ಅಂದಳು. ಅಂದರೆ ಮಾತು ಶುರುವಾಗಿದೆ.

ಇನ್ನೊಂದು. ಇಷ್ಟು ದಿನ ನಾನು ಹೇಳದ್ದನ್ನು ಹೇಳುತ್ತಿದ್ದೇನೆ. ಇನ್ನು ನಿನ್ನ ಬಣ್ಣ ನೀನು ಆರಿಸಿಕೋ. ಬಿಳಿ ಬಿಟ್ಟು ಯಾವುದಾದರೂ. ಹಳದಿಯೂ ಬೇಡ.

ಅಪ್ಪ

*

ಅಬುರಾತ್ಸು
೬ ಡಿಸೆಂಬರ್

ಅಪ್ಪ,

ನೀವು ಬಂದು ಹೋದ ಮೇಲೆ ನನಗೆ ಒಂದೇ ಒಂದು ಕಾಗದ ಬಂದಿದೆ. ಅದರಲ್ಲೂ "ಅಳಿಯಂದಿರು ಬಂದರೇ?" ಅಂತ ಒಂದು ಸಾಲು. ಇವಾಕಿರಿಯವರಿಗೆ ವಾರ ವಾರವೂ ಬರುತ್ತದಂತೆ. ಅಂಚೆಯವನು ನಗುತ್ತಾನೆ, "ನಿಮ್ಮಪ್ಪನ ಅಕ್ಷರ, ಮನೆ ಮಾತ್ರ ಅವರದ್ದು" ಅಂತ.

ನೀವು ಬಂದ ದಿನವೂ ಹಾಗೇ. ಸೈಲೆನ್ಸರಿನ ಬಾಯಿಗೆ ನೀವು ಅಂಗೈ ಹಿಡಿದು ಕೂತಾಗ ನನ್ನ ಕಣ್ಣು ತುಂಬಿ ಬಂತು. ನನ್ನ ಕಡೆ ತಿರುಗಿ ಏನಾದರೂ ಅನ್ನುತ್ತೀರಿ ಅಂತ ಕಾದೆ. ನೀವು ತಿರುಗಿದ್ದು ಅವರ ಕಡೆ! "ಕಾಲು ಸುತ್ತು ಜಾಸ್ತಿ ಆಗಿದೆ" ಅಂದಿರಿ. ಅವರು ಕಾಗದದಲ್ಲಿ ದೊಡ್ಡದಾಗಿ "ಆಗಿಲ್ಲ" ಅಂತ ಬರೆದು ತೋರಿಸಿದರು. ಶುರುವಾಯಿತು. ಒಬ್ಬರ ಕಿವಿ, ಒಬ್ಬರ ಕೈ, ಸಂಜೆಯವರೆಗೆ ಜಗಳ. ನಾನು ಚಹಾ ಕಾಯಿಸಿದೆ, ಆರಿತು, ಮತ್ತೆ ಕಾಯಿಸಿದೆ. ನನ್ನ ಗಾಡಿ ನನ್ನದೇ ಅನ್ನುವುದು ಇಬ್ಬರಿಗೂ ನೆನಪಿರಲಿಲ್ಲ.

ಇವತ್ತು ಶೆಡ್ಡಿಗೆ ಹೋದೆ. ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಏನೋ ಇತ್ತು. ಎತ್ತಿದರೆ ಅರುವತ್ತಮೂರನೇ ಇಸವಿಯ ಗಾಡಿ. ಚೌಕಟ್ಟಿನ ಬೋಲ್ಟುಗಳಿಗೆಲ್ಲ ಹಳದಿ ಗೆರೆ. ಎಂಜಿನ್ ಹಮಾಮಾತ್ಸುವಿನಿಂದ ಮರದ ಪೆಟ್ಟಿಗೆಯಲ್ಲಿ ಬಂದಿದೆ, ಅದರ ಮೈತುಂಬ ಬಿಳಿ ಗೆರೆ. ನಾನು ಸ್ಪ್ಯಾನರ್ ಎತ್ತಿಕೊಂಡೆ. ಇವಾಕಿರಿಯವರು ಅಂದದ್ದೇನು ಗೊತ್ತೇ? "ಅದು ನಂದೂ ನಿಮ್ಮಪ್ಪಂದೂ ಕಣಮ್ಮ. ನೀನು ನಿನ್ನ ಗಾಡಿ ನೋಡ್ಕೋ."

ನೀಲಿ ಬಣ್ಣ ಆರಿಸಿ ಶೀಶೆ ತಂದು ಎಷ್ಟು ದಿನವಾಯಿತು! ನೀವು ಯಾವ ಬಣ್ಣ ಅಂತ ಕೇಳಿಯೂ ಇಲ್ಲ. ಮನೆಗೆ ಬಂದು ಬಾಗಿಲು ದಢಾರೆಂದು ಹಾಕಿದೆ. "ಯಾರ ಮೇಲೆ ಸಿಟ್ಟು?" ಅಂತ ನಿಮ್ಮ ಅಳಿಯ ಕೇಳಿದರು. ಇಬ್ಬರು ಮುದುಕರ ಮೇಲೆ ಅಂತ ಹೇಗೆ ಹೇಳಲಿ?

ಅಪ್ಪ, ಆ ಗಾಡಿಯಲ್ಲಿ ಒಂದು ಬೋಲ್ಟನ್ನಾದರೂ ನನಗೆ ಬಿಡಿ.

ತೊಮೊ

*

ಹಮಾಮಾತ್ಸು
೧೩ ಡಿಸೆಂಬರ್

ತೊಮೊ,

ನಿನ್ನ ಕಾಗದ ನಿಮ್ಮಪ್ಪ ಓದಿ ನನ್ನ ಕೈಗೆ ಕೊಟ್ರು. ಅವರಿಗೆ ಬರೆಯಕ್ಕೆ ಪುರುಸೊತ್ತಿಲ್ಲವಂತೆ, ಅರುವತ್ತಮೂರನೇ ಇಸವಿಯ ಟ್ಯಾಂಕಿನ ಮುಚ್ಚಳ ಹುಡುಕಕ್ಕೆ ಹೊರಟಿದಾರೆ. ಆದ್ರೆ ಓದೋವಾಗ ಮುಸಿಮುಸಿ ನಗ್ತಿದ್ರು. "ಅವಳಿಗೂ ಹೊಟ್ಟೆ ಉರೀತಿದೆ ನೋಡು" ಅಂತ ಬೀಗ್ತಾರೆ, ಏನೋ ಬಹುಮಾನ ಬಂದೋರ ಹಾಗೆ.

ನಿನ್ನ ಬೋಲ್ಟಿನ ಮಾತು ಅವರ ಅಂಗೈಲಿ ಬರೆದು ಕೇಳಿದೆ. "ಟ್ಯಾಂಕ್ ಕೂರಿಸೋ ಬೋಲ್ಟು ಅವಳಿಗೇ, ಅವಳ ಬಣ್ಣವೇ ಅಂತ ಹೋದ ತಿಂಗಳೇ ಇವಾಕಿರಿಗೆ ಬರೆದೆನಲ್ಲ, ಅವನು ಹೇಳಲಿಲ್ವಾ?" ಅಂದ್ರು. ಹೇಳಿಲ್ಲ ನೋಡು! ಇವಾಕಿರಿಯವರ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಹೋಗಿ ಕೇಳು, ಬಿಡಬೇಡ.

ನೀನು ಚಹಾ ಆರಿತು ಅಂತ ಅತ್ತಿದೀಯ. ಮಗಳೇ, ನನ್ನ ಚಹಾ ಮದುವೆಯಾದಾಗಿಂದ ಆರ್ತಾ ಇದೆ. ಚಿಕ್ಕವಳಿದ್ದಾಗ ನೀನೂ ಒಳಗಡೆ ಟಾರ್ಚ್ ಹಿಡ್ಕೊಂಡು ಅವರ ಪಕ್ಕ ನಿಂತಿರ್ತಿದ್ದೆ. ಬಾಗಿಲ ಹತ್ರ ತಟ್ಟೆ ಹಿಡ್ಕೊಂಡು ಕೂತ ನನ್ನ ಕಡೆ ಇಬ್ಬರಲ್ಲಿ ಒಬ್ಬರೂ ತಿರುಗ್ತಿರಲಿಲ್ಲ. ಆಗ ನನಗೆ ಅವರ ಮೇಲಿಗಿಂತ ನಿನ್ನ ಮೇಲೇ ಹೊಟ್ಟೆಕಿಚ್ಚಾಗ್ತಿತ್ತು. ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಹೊಸ ವರ್ಷಕ್ಕೆ ಅಳಿಯಂದ್ರನ್ನ ಕರ್ಕೊಂಡು ಬಾ. ಇವಾಕಿರಿಯೂ ಬರ್ತಾರಂತೆ, ಆ ಮುದುಕರಿಬ್ಬರೂ ಶೆಡ್ಡಿನೊಳಗೆ ಏನಾದ್ರೂ ಬಿಗಿದುಕೊಳ್ಳಲಿ. ಬಾಗಿಲ ಬೆಂಚಿನ ಮೇಲೆ ಇಷ್ಟು ವರ್ಷ ನಾನೊಬ್ಬಳೇ ಕೂತಿದ್ದೆ. ಸರಿದು ಕೂತ್ಕೋತೀನಿ. ನೀನೂ ಬಾ.

ಅಮ್ಮ